ಯಾರನ್ನೂ ಕೇಳದೆ ಹುಟ್ಟುವ ಸಂಖ್ಯೆ

ಗಣೇಶನ ಹಬ್ಬಕ್ಕೆ ವಾರವಿರುವಾಗ ಬೆಂಗಳೂರಿನಿಂದ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೊರಡುವ ರಾತ್ರಿ ಬಸ್ಸಿನ ಸೀಟಿಗಾಗಿ ಸಾವಿರಾರು ಬೆರಳುಗಳು ಒಟ್ಟಿಗೇ ಫೋನಿನ ಪರದೆಯನ್ನು ಒತ್ತುತ್ತಿರುತ್ತವೆ. ಒತ್ತಿದವರಿಗೆ ಕಾಣುವುದು ಸುತ್ತುತ್ತಿರುವ ಪುಟ್ಟ ಚಕ್ರ ಮಾತ್ರ. ಅತ್ತ ಸರ್ವರ್‌ನಲ್ಲಿ ಆ ಎರಡು ಮೂರು ಸೆಕೆಂಡಿನೊಳಗೆ ಸಂಖ್ಯೆಗಳ ಸರಣಿಯೇ ಹುಟ್ಟಿಕೊಳ್ಳುತ್ತದೆ. ನಿಮ್ಮ ಭೇಟಿಗೆ ಒಂದು ಗುರುತು, ಹಿಡಿದಿಟ್ಟ ಸೀಟಿಗೆ ಒಂದು, ಟಿಕೆಟ್ಟಿಗೆ ಒಂದು, ಹಣ ಪಾವತಿಗೆ ಒಂದು, ಕೊನೆಗೆ ಬರುವ ಎಸ್ಸೆಮ್ಮೆಸ್ಸಿಗೂ ಒಂದು. ಇವುಗಳಲ್ಲಿ ಯಾವುದಾದರೊಂದು ಇನ್ನೊಬ್ಬರ ಗುರುತಿನ ಹಾಗೆಯೇ ಇದ್ದುಬಿಟ್ಟರೆ, ನೀವು ಕೊಟ್ಟ ದುಡ್ಡಿನಲ್ಲಿ ಬೇರೆ ಯಾರೋ ಹಬ್ಬಕ್ಕೆ ಊರು ಸೇರುತ್ತಾರೆ.

ಗುರುತಿಗೆ ಹೆಸರೋ ಫೋನ್ ನಂಬರೋ ಸಾಲದೇ ಎಂದು ಕೇಳಬಹುದು. ಒಂದೇ ಬಡಾವಣೆಯಲ್ಲಿ ನಾಲ್ಕು ಮಂದಿ ಮಂಜುನಾಥರು ಸಿಗುತ್ತಾರೆ. ಬಿಟ್ಟುಕೊಟ್ಟ ಫೋನ್ ನಂಬರನ್ನು ಕಂಪನಿ ಕೆಲವು ತಿಂಗಳ ಮೇಲೆ ಬೇರೊಬ್ಬರಿಗೆ ಕೊಡುತ್ತದೆ. ಇಮೇಲ್ ವಿಳಾಸ ಬದಲಾಗುತ್ತದೆ, ಮದುವೆಯಾದ ಮೇಲೆ ಹೆಸರೂ ಬದಲಾಗಬಹುದು. ಹಾಗಾಗಿ ಡೇಟಾಬೇಸ್ ಕಟ್ಟುವವರು ಬದುಕಿನ ವಿವರಗಳಿಗೆ ಅಂಟಿಕೊಳ್ಳದ, ತನ್ನಷ್ಟಕ್ಕೆ ಯಾವ ಅರ್ಥವೂ ಇಲ್ಲದ ಸಂಖ್ಯೆಯನ್ನು ಗುರುತಾಗಿ ಬಳಸುತ್ತಾರೆ. ಅದರಿಂದ ಬೇಕಾದದ್ದು ಒಂದೇ ಗುಣ: ಇನ್ನೊಂದರಂತೆ ಇರಕೂಡದು. ಕೇಳಲು ಸುಲಭವಾದ ಈ ಬೇಡಿಕೆಯನ್ನು ಪೂರೈಸಲು ಕಂಪ್ಯೂಟರ್ ವಿಜ್ಞಾನ ದಶಕಗಳಿಂದ ಹೆಣಗುತ್ತಿದೆ.

ಎಲ್ಲಕ್ಕಿಂತ ಸಲೀಸಾದ ದಾರಿ ಎಣಿಕೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹೊರರೋಗಿಗಳಿಗೆ ಚೀಟಿ ಬರೆದುಕೊಡುವವರು ಮಾಡುವುದೂ ಇದನ್ನೇ. ಹಿಂದಿನ ಚೀಟಿ 46 ಆಗಿದ್ದರೆ ನಿಮ್ಮದು 47. ಬರೆಯುವವರು ಒಬ್ಬರೇ ಇರುವ ತನಕ ಎರಡು 47 ಬರಲು ಸಾಧ್ಯವಿಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ಆಟೊ ಇನ್‌ಕ್ರಿಮೆಂಟ್ ಎಂತಲೂ ಪೋಸ್ಟ್‌ಗ್ರೆಸ್‌ನಲ್ಲಿ ಸೀಕ್ವೆನ್ಸ್ ಎಂತಲೂ ಕರೆಯುವ ಸೌಲಭ್ಯ ಇದೇ ಎಣಿಕೆ. ಜಗತ್ತಿನ ಬಹುಪಾಲು ವೆಬ್ ತಾಣಗಳು ಇವತ್ತಿಗೂ ಇದರ ಮೇಲೆಯೇ ನಡೆಯುತ್ತಿವೆ, ಚೆನ್ನಾಗಿಯೇ ನಡೆಯುತ್ತಿವೆ.

ಹೊಸದಾಗಿ ಪ್ರೋಗ್ರಾಮ್ ಬರೆಯುವವರು ಎಡವುವುದು ಈ ಎಣಿಕೆಯನ್ನು ಡೇಟಾಬೇಸಿಗೆ ಬಿಡದೆ ತಾವೇ ಮಾಡಹೊರಟಾಗ. ಪಟ್ಟಿಯಲ್ಲಿರುವ ಅತಿ ದೊಡ್ಡ ಸಂಖ್ಯೆಯನ್ನು ಓದು, ಒಂದು ಕೂಡಿಸು, ಹೊಸ ಸಾಲು ಬರೆ: ಓದಲು ಇದರಲ್ಲಿ ತಪ್ಪೇ ಕಾಣದು. ಒಂದೇ ಕಂಪ್ಯೂಟರಿನಲ್ಲಿ ಒಬ್ಬರೇ ಕೂತು ಪರೀಕ್ಷಿಸಿದಾಗಲೂ ಕಾಣದು. ಹಬ್ಬದ ದಿನ ಏನಾಗುತ್ತದೆಂದರೆ, ಹುಬ್ಬಳ್ಳಿಯವರ ಕೋರಿಕೆ ಪಟ್ಟಿಯನ್ನು ಓದಿ 4517 ಎಂದು ತಿಳಿದುಕೊಳ್ಳುತ್ತದೆ. ಅದು ಹೊಸ ಸಾಲು ಬರೆಯುವ ಮೊದಲೇ, ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ತಡವಾಗಿ ಬಂದ ಶಿವಮೊಗ್ಗದವರ ಕೋರಿಕೆಯೂ ಅದೇ ಪಟ್ಟಿಯನ್ನು ಓದುತ್ತದೆ. ಅದಕ್ಕೂ ಸಿಗುವುದು 4517. ಇಬ್ಬರೂ ಒಂದು ಕೂಡಿಸುತ್ತಾರೆ, ಇಬ್ಬರೂ 4518 ಎಂದು ಬರೆಯುತ್ತಾರೆ. ಓದುವುದಕ್ಕೂ ಬರೆಯುವುದಕ್ಕೂ ನಡುವೆ ಇರುವ ಆ ಕೂದಲೆಳೆಯ ಬಿಡುವಿನಲ್ಲೇ ತಪ್ಪು ನುಸುಳುತ್ತದೆ. ಡೇಟಾಬೇಸಿನ ಸ್ವಂತ ಎಣಿಕೆ ಈ ಬಿಡುವನ್ನು ಮುಚ್ಚಿರುತ್ತದೆ. ಸಂಖ್ಯೆಯನ್ನು ಕೊಡುವುದು, ಮುಂದಿನದಕ್ಕೆ ಸರಿಯುವುದು ಎರಡೂ ಒಂದೇ ಏಟಿಗೆ ಮುಗಿಯುತ್ತವೆ. ನಡುವೆ ಯಾರಿಗೂ ತೂರಲು ಜಾಗವಿಲ್ಲ.

ಹೀಗೆ ಕೊಟ್ಟ ಸಂಖ್ಯೆಯನ್ನು ಅದು ವಾಪಸ್ ತೆಗೆದುಕೊಳ್ಳುವುದಿಲ್ಲ. 4518 ಪಡೆದವರು ಹಣ ಕಟ್ಟದೆ ಹೋದರೂ ಮುಂದಿನವರಿಗೆ 4519. ಪಟ್ಟಿಯಲ್ಲಿ ಅಲ್ಲಲ್ಲಿ ಸಂಖ್ಯೆಗಳು ತಪ್ಪಿಹೋಗಿರುವುದು ಸಹಜ, ಮತ್ತು ಸರಿ. ಆದರೆ ಲೆಕ್ಕಪತ್ರದವರಿಗೆ ಇದು ಸರಿಬಾರದು. ನಮ್ಮ ಜಿಎಸ್‌ಟಿ ನಿಯಮಗಳ 46ನೇ ನಿಯಮದ ಪ್ರಕಾರ ಬಿಲ್ಲಿನ ಸಂಖ್ಯೆ ಒಂದು ಹಣಕಾಸು ವರ್ಷದೊಳಗೆ ಅನನ್ಯವಾಗಿರಬೇಕು, ಒಂದರ ಹಿಂದೊಂದು ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು. ಇದನ್ನು ಓದಿದ ಪ್ರೋಗ್ರಾಮರ್ ಡೇಟಾಬೇಸಿನ ಗುರುತನ್ನೇ ಬಿಲ್ಲಿನ ಮೇಲೆ ಅಚ್ಚು ಹಾಕಿಸಿದರೆ, ವರ್ಷದ ಕೊನೆಗೆ ಬಿಟ್ಟುಹೋದ ಸಂಖ್ಯೆಗಳಿಗೆ ವಿವರಣೆ ಕೊಡುವ ಪಾಡು ಬರುತ್ತದೆ. ಯಂತ್ರಕ್ಕೆ ಬೇಕಾದ ಗುರುತು ಬೇರೆ, ತೆರಿಗೆ ಅಧಿಕಾರಿಗೆ ಬೇಕಾದ ಕ್ರಮಸಂಖ್ಯೆ ಬೇರೆ. ಎರಡನ್ನೂ ಮೊದಲಿಂದಲೇ ಬೇರೆ ಅಂಕಣಗಳಲ್ಲಿ ಇಡುವುದು ಜಾಣತನ.

ಎಣಿಕೆಗೆ ಕೊನೆಯೂ ಉಂಟು. ಹಳೆಯ ರೂಢಿಯಂತೆ ಗುರುತಿಗೆ 32 ಬಿಟ್‌ಗಳ ಪೂರ್ಣಾಂಕದ ಅಂಕಣ ಮಾಡಿದರೆ ಅದರಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ 214,74,83,647. ಇನ್ನೂರ ಹದಿನಾಲ್ಕು ಕೋಟಿ ಯಾರಿಗೆ ಬೇಕು ಎನಿಸುತ್ತದೆ. 2018ರ ನವೆಂಬರ್‌ನಲ್ಲಿ ಬೇಸ್‌ಕ್ಯಾಂಪ್ ಎಂಬ ಜನಪ್ರಿಯ ಸೇವೆಯ ಒಂದು ಪಟ್ಟಿ ಸರಿಯಾಗಿ ಆ ಸಂಖ್ಯೆಯನ್ನು ಮುಟ್ಟಿತು. ಮುಂದಿನ ಸಾಲು ಬರೆಯಲು ಸಂಖ್ಯೆಯೇ ಉಳಿಯಲಿಲ್ಲ. ಸುಮಾರು ಐದು ಗಂಟೆ ಕಾಲ ಗ್ರಾಹಕರು ಹಳೆಯದನ್ನು ಓದಬಹುದಿತ್ತು, ಹೊಸದೇನನ್ನೂ ಬರೆಯುವಂತಿರಲಿಲ್ಲ. 64 ಬಿಟ್‌ಗಳ ಅಂಕಣವಾಗಿದ್ದರೆ ಸೆಕೆಂಡಿಗೆ ಒಂದು ಕೋಟಿ ಸಂಖ್ಯೆ ಖರ್ಚು ಮಾಡಿದರೂ 29 ಸಾವಿರ ವರ್ಷ ಬಾಳುತ್ತಿತ್ತು.

ಇದಕ್ಕಿಂತ ಆಳವಾದ ತೊಂದರೆಯೊಂದಿದೆ. ಕ್ರಮಸಂಖ್ಯೆ ತನ್ನನ್ನು ನೋಡಿದವರಿಗೆ ಕೇಳದ ವಿಷಯವನ್ನೂ ಹೇಳಿಬಿಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ತಯಾರಿಸುತ್ತಿದೆ ಎಂಬುದು ಮಿತ್ರರಾಷ್ಟ್ರಗಳಿಗೆ ತಿಳಿಯಬೇಕಿತ್ತು. 1940ರ ಜೂನ್ ತಿಂಗಳ ಉತ್ಪಾದನೆ ಸುಮಾರು 1000 ಎಂದು ಗೂಢಚಾರ ಇಲಾಖೆ ಅಂದಾಜು ಮಾಡಿತು. ಸಂಖ್ಯಾಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು. ವಶಪಡಿಸಿಕೊಂಡ ಟ್ಯಾಂಕುಗಳ ಗೇರ್‌ಬಾಕ್ಸ್ ಮುಂತಾದ ಭಾಗಗಳ ಮೇಲೆ ಕೆತ್ತಿದ್ದ ಕ್ರಮಸಂಖ್ಯೆಗಳನ್ನು ಕಲೆಹಾಕಿ ಲೆಕ್ಕ ಹಾಕಿದಾಗ ಅವರಿಗೆ ಬಂದ ಉತ್ತರ 169. ಯುದ್ಧ ಮುಗಿದ ಮೇಲೆ ಜರ್ಮನಿಯ ಸ್ವಂತ ದಾಖಲೆ ತೆರೆದು ನೋಡಿದರೆ 122. 1942ರ ಆಗಸ್ಟ್‌ಗೆ ಗೂಢಚಾರರ ಅಂದಾಜು 1550, ಸಂಖ್ಯಾಶಾಸ್ತ್ರದ್ದು 327, ದಾಖಲೆಯದ್ದು 342. ಲೆಕ್ಕದ ತಿರುಳು ಸರಳ. ಐದು ಟ್ಯಾಂಕು ಸಿಕ್ಕಿ ಅವುಗಳಲ್ಲಿ ಅತಿ ದೊಡ್ಡ ಸಂಖ್ಯೆ 60 ಆಗಿದ್ದರೆ, 60ನ್ನು ಐದರಿಂದ ಭಾಗಿಸಿ ಬಂದ 12ನ್ನು 60ಕ್ಕೆ ಕೂಡಿಸಿ ಒಂದು ಕಳೆಯಿರಿ: ಒಟ್ಟು ಸುಮಾರು 71. ನಿಮ್ಮ ಅಂಗಡಿಯ ಜಾಲತಾಣ ಆರ್ಡರ್ ಸಂಖ್ಯೆಯನ್ನು ಒಂದರ ಹಿಂದೊಂದು ಕೊಡುತ್ತಿದ್ದರೆ ಎದುರಿನ ಅಂಗಡಿಯವರಿಗೆ ಇಷ್ಟು ಗಣಿತವೂ ಬೇಡ. ಸೋಮವಾರ ಒಂದು ಸೋಪು, ಮುಂದಿನ ಸೋಮವಾರ ಇನ್ನೊಂದು ಸೋಪು ತರಿಸಿಕೊಂಡು ಎರಡು ಸಂಖ್ಯೆಗಳನ್ನು ಕಳೆದರೆ ನಿಮ್ಮ ವಾರದ ವ್ಯಾಪಾರ ಅವರ ಕೈಯಲ್ಲಿರುತ್ತದೆ.

ವ್ಯಾಪಾರದ ಗುಟ್ಟು ಹೋದರೆ ಹೋಗಲಿ ಎನ್ನಬಹುದು. 2019ರ ಮೇ ತಿಂಗಳಲ್ಲಿ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ವರದಿ ಮಾಡಿದ್ದು ಅದಕ್ಕಿಂತ ಗಂಭೀರ ಸಂಗತಿ. ಅಮೆರಿಕದ ಫಸ್ಟ್ ಅಮೆರಿಕನ್ ಎಂಬ ಆಸ್ತಿ ಹಕ್ಕಿನ ವಿಮಾ ಕಂಪನಿಯ ತಾಣದಲ್ಲಿ ಪ್ರತಿ ದಾಖಲೆಗೂ ವೆಬ್ ವಿಳಾಸದಲ್ಲಿ ಒಂದು ಕ್ರಮಸಂಖ್ಯೆ ಇತ್ತು. ತಮ್ಮ ದಾಖಲೆಯ ಕೊಂಡಿ ಪಡೆದವರು ಅದರ ಒಂದಂಕಿ ಬದಲಿಸಿದರೆ ಪಕ್ಕದವರ ದಾಖಲೆ ತೆರೆದುಕೊಳ್ಳುತ್ತಿತ್ತು: ಬ್ಯಾಂಕ್ ಖಾತೆ, ತೆರಿಗೆ ಕಾಗದ, ಮನೆಸಾಲದ ಪತ್ರ. ಹೀಗೆ ಬಯಲಾಗಿದ್ದ ಕಡತಗಳು ಸುಮಾರು 88 ಕೋಟಿ 50 ಲಕ್ಷ. ಇಲ್ಲಿ ನಿಜವಾದ ತಪ್ಪು ಕ್ರಮಸಂಖ್ಯೆಯದ್ದಲ್ಲ; ಕೇಳಿದವರು ಯಾರು, ಅವರಿಗೆ ಈ ಕಡತ ನೋಡುವ ಹಕ್ಕಿದೆಯೇ ಎಂದು ಸರ್ವರ್ ವಿಚಾರಿಸದೆ ಇದ್ದದ್ದು. ಊಹಿಸಲಾಗದ ಗುರುತು ಕೊಟ್ಟುಬಿಟ್ಟರೆ ಹಕ್ಕಿನ ತಪಾಸಣೆ ಬೇಡ ಎಂದು ವಾದಿಸುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಗುರುತು ಇಮೇಲಿನಲ್ಲಿ ಹೋಗುತ್ತದೆ, ವಾಟ್ಸ್ಆ್ಯಪಿನಲ್ಲಿ ಹಂಚಿಕೆಯಾಗುತ್ತದೆ, ಸರ್ವರಿನ ದಿನಚರಿ ಕಡತಗಳಲ್ಲಿ ಉಳಿಯುತ್ತದೆ. ಅದನ್ನು ಬಲ್ಲವರೆಲ್ಲ ಹಕ್ಕುದಾರರಾಗುವುದಿಲ್ಲ.

ಎಣಿಕೆಯ ಕೊನೆಯ ಮಿತಿ, ಅದು ಒಬ್ಬರನ್ನೇ ಕೇಳಬೇಕೆಂಬುದು. ಸರ್ವರುಗಳು ಹತ್ತಾಗಿ, ನೂರಾಗಿ, ಮುಂಬೈಯಲ್ಲೊಂದು ಸಿಂಗಪುರದಲ್ಲೊಂದು ಹರಡಿಕೊಂಡಾಗ ಪ್ರತಿ ಸಂಖ್ಯೆಗೂ ಒಂದೇ ಕಡೆ ಹೋಗಿ ಕೇಳುವುದು ದುಬಾರಿ. ಆ ಒಂದು ಕಡೆ ಕೆಟ್ಟು ನಿಂತರೆ ಎಲ್ಲವೂ ನಿಂತಂತೆ. ಫೋಟೊ ತಾಣವಾದ ಫ್ಲಿಕರ್ ಇದಕ್ಕೆ ಚಂದದ ಉಪಾಯ ಮಾಡಿತ್ತು: ಸಂಖ್ಯೆ ಕೊಡುವ ಎರಡು ಡೇಟಾಬೇಸುಗಳು, ಒಂದು ಬೆಸ ಸಂಖ್ಯೆಗಳನ್ನು ಮಾತ್ರ ಕೊಡುತ್ತದೆ, ಇನ್ನೊಂದು ಸಮ ಸಂಖ್ಯೆಗಳನ್ನು ಮಾತ್ರ. ಒಂದು ಬಿದ್ದರೂ ಇನ್ನೊಂದು ನಡೆಸುತ್ತದೆ. ಆದರೂ ಕೇಳುವುದು ತಪ್ಪಲಿಲ್ಲ. ಕೇಳದೆಯೇ ಸಂಖ್ಯೆ ಹುಟ್ಟಿಸಲು ಸಾಧ್ಯವೇ?

ಮೊದಲು ಹೊಳೆಯುವುದು ಗಡಿಯಾರ. ಸಮಯ ಮತ್ತೆ ಬರುವುದಿಲ್ಲವಲ್ಲ, ಈ ಕ್ಷಣವನ್ನೇ ಗುರುತಾಗಿ ಬರೆದುಕೊಂಡರೆ ಆಯಿತು. ಪಿಎಚ್‌ಪಿ ಭಾಷೆಯಲ್ಲಿ ಯುನಿಕ್‌ಐಡಿ ಎಂಬ ಹೆಸರಿನ ಒಂದು ಫಂಕ್ಷನ್ ಇದೆ. ಹೆಸರು ನೋಡಿ ಮೋಸಹೋದವರು ಬಹಳ. ಅದು ಕೊಡುವುದು ಹದಿಮೂರು ಚಿಹ್ನೆಗಳ ಒಂದು ಸಾಲು. ಹದಿನಾರರ ಮಾನದಲ್ಲಿ ಬರೆಯುವುದರಿಂದ ಸಾಮಾನ್ಯವಾಗಿ ಅಂಕಿ ಅಕ್ಷರ ಬೆರೆತಿರುತ್ತವೆ. ಇಲ್ಲಿ ಅಂಕಿಗಳೇ ಇರುವ ಒಂದನ್ನು ನೋಡೋಣ: 6541950061080. ಇದರ ಮೊದಲ ಎಂಟು ಅಂಕಿಗಳನ್ನು ಹತ್ತರ ಮಾನಕ್ಕೆ ತಂದರೆ 1698796800. ಇದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳು, ಅಂದರೆ ಭಾರತದ ಗಡಿಯಾರದಲ್ಲಿ 2023ರ ನವೆಂಬರ್ 1ರ ಬೆಳಗಿನ ಐದೂವರೆ. ಉಳಿದ ಐದು ಅಂಕಿ ಹತ್ತರ ಮಾನದಲ್ಲಿ 397440: ಆ ಸೆಕೆಂಡಿನೊಳಗೆ ಎಷ್ಟನೇ ಮೈಕ್ರೋಸೆಕೆಂಡ್ ಎಂಬುದು. ರಹಸ್ಯ ಅಷ್ಟೇ. ನೋಡಿದವರು ಯಾರು ಬೇಕಾದರೂ ಅದು ಹುಟ್ಟಿದ ಗಳಿಗೆಯನ್ನು ಓದಬಹುದು, ಮುಂದಿನದು ಹೇಗಿರುತ್ತದೆಂದು ಊಹಿಸಬಹುದು.

ಅನನ್ಯತೆಯ ಮಾತೇನು? ಒಂದು ಸೆಕೆಂಡಿನಲ್ಲಿ ಹತ್ತು ಲಕ್ಷ ಮೈಕ್ರೋಸೆಕೆಂಡುಗಳಿವೆ, ಧಾರಾಳವಾಯಿತು ಎನಿಸುತ್ತದೆ. ಎರಡು ಸರ್ವರ್ ಇವೆ, ಪ್ರತಿಯೊಂದೂ ಸೆಕೆಂಡಿಗೆ ಸಾವಿರ ಗುರುತು ತಯಾರಿಸುತ್ತದೆ ಎಂದುಕೊಳ್ಳಿ. ಯಾವುದೇ ಒಂದು ಮೈಕ್ರೋಸೆಕೆಂಡಿನಲ್ಲಿ ಮೊದಲನೆಯದು ಗುರುತು ತಯಾರಿಸುವ ಸಂಭವ ಸಾವಿರದಲ್ಲಿ ಒಂದು, ಎರಡನೆಯದ್ದೂ ಸಾವಿರದಲ್ಲಿ ಒಂದು, ಎರಡೂ ಕೂಡಿಬರುವ ಸಂಭವ ಹತ್ತು ಲಕ್ಷದಲ್ಲಿ ಒಂದು. ಆದರೆ ಸೆಕೆಂಡಿಗೆ ಅಂಥ ಅವಕಾಶಗಳೂ ಹತ್ತು ಲಕ್ಷ. ಸರಾಸರಿ ಸೆಕೆಂಡಿಗೊಂದು ಘರ್ಷಣೆ!

ಸಮಯದ ಜೊತೆ ಜಾಗವನ್ನೂ ಸೇರಿಸಬೇಕು ಎಂಬುದು ಮುಂದಿನ ಹೆಜ್ಜೆ. 1980ರ ದಶಕದಲ್ಲಿ ಅಪೊಲೊ ಕಂಪ್ಯೂಟರ್ ಎಂಬ ಕಂಪನಿಯಲ್ಲಿ ಮೊಳೆತು, 2005ರಲ್ಲಿ ಅಂತರ್ಜಾಲದ ಮಾನದಂಡವಾದ ಯುಯುಐಡಿ ಎಂಬ ಗುರುತಿನ ಮೊದಲ ಆವೃತ್ತಿ ಮಾಡುವುದು ಇದನ್ನೇ. ಅದರ 128 ಬಿಟ್‌ಗಳಲ್ಲಿ 60 ಬಿಟ್ ಸಮಯಕ್ಕೆ, 48 ಬಿಟ್ ಯಂತ್ರದ ನೆಟ್‌ವರ್ಕ್ ಕಾರ್ಡಿನ ವಿಳಾಸಕ್ಕೆ. ಸಮಯವನ್ನು ಎಣಿಸಲು ಶುರುಮಾಡುವುದು 1582ರ ಅಕ್ಟೋಬರ್ 15ರಿಂದ, ಪೋಪ್ ಗ್ರೆಗರಿ ತಿದ್ದಿಸಿದ ಪಂಚಾಂಗ ಜಾರಿಗೆ ಬಂದ ದಿನದಿಂದ. ಪ್ರತಿ ಎಣಿಕೆಯೂ ಸೆಕೆಂಡಿನ ಒಂದು ಕೋಟಿಯ ಒಂದು ಪಾಲು. ಇಲ್ಲಿ ಯಾರನ್ನೂ ಕೇಳಲಿಲ್ಲ ಎನಿಸುತ್ತದೆ. ನಿಜವಾಗಿ, ಕೇಳುವ ಕೆಲಸವನ್ನು ಮೊದಲೇ ಮಾಡಿ ಮುಗಿಸಿದ್ದಾರೆ. ನೆಟ್‌ವರ್ಕ್ ಕಾರ್ಡ್ ತಯಾರಕರು ಐಇಇಇ ಸಂಸ್ಥೆಯಿಂದ ತಮ್ಮದೇ ಮೊದಲ 24 ಬಿಟ್‌ಗಳನ್ನು ಪಡೆದು, ಉಳಿದ 24ನ್ನು ಕಾರ್ಖಾನೆಯಲ್ಲಿ ಎಣಿಸಿ ತುಂಬಿಸಿರುತ್ತಾರೆ. ಆ ಎಣಿಕೆಯ ಫಲವನ್ನೇ ಸರ್ವರ್ ಎಷ್ಟೋ ವರ್ಷಗಳ ಮೇಲೆ ಉಣ್ಣುತ್ತದೆ.

ಮತ್ತು ಇದು ಬಾಯಿಬಡುಕ ಗುರುತು. ಯಾವ ಯಂತ್ರದಲ್ಲಿ, ಯಾವ ಗಳಿಗೆಯಲ್ಲಿ ಹುಟ್ಟಿತೆಂದು ತಾನೇ ಹೇಳುತ್ತದೆ. ಮೈಕ್ರೋಸಾಫ್ಟ್ ವರ್ಡ್ ಕಡತಗಳ ಒಳಗೆ ಇಂಥ ಗುರುತು ಬಳಕೆದಾರರಿಗೆ ಗೊತ್ತಿಲ್ಲದೆ ಕೂತಿದೆ ಎಂಬುದು 1999ರಲ್ಲಿ ಬೆಳಕಿಗೆ ಬಂತು. ಅದೇ ವರ್ಷದ ಮಾರ್ಚ್‌ನಲ್ಲಿ ಮೆಲಿಸ್ಸಾ ವೈರಸ್ ಹರಡಿದಾಗ ಅದರ ಮೂಲ ಹುಡುಕುತ್ತಿದ್ದವರು ಈ ಗುರುತನ್ನೂ ಒಂದು ಜಾಡಾಗಿ ಹಿಡಿದರು. ವೈರಸ್ ಬರೆದವರ ವಿಷಯದಲ್ಲಿ ನಮಗೆ ಮರುಕವಿರಲಾರದು. ಆದರೆ ಅದೇ ಗುರುತು ಭ್ರಷ್ಟಾಚಾರದ ದೂರು ಬರೆದವರ ಕಡತದಲ್ಲೂ ಇರುತ್ತಿತ್ತಲ್ಲ.

ಉಳಿದದ್ದು ಒಂದೇ ದಾರಿ, ಅದೃಷ್ಟ. ಯುಯುಐಡಿಯ ನಾಲ್ಕನೇ ಆವೃತ್ತಿಯಲ್ಲಿ ಸಮಯವೂ ಇಲ್ಲ, ಸ್ಥಳವೂ ಇಲ್ಲ. 128 ಬಿಟ್‌ಗಳಲ್ಲಿ ಆರು ಬಿಟ್ ಆವೃತ್ತಿಯ ಗುರುತಿಗೆ ಹೋದರೆ ಮಿಕ್ಕ 122 ಬಿಟ್‌ಗಳೂ ಯಾದೃಚ್ಛಿಕ, ನಾಣ್ಯ ಚಿಮ್ಮಿ ಬರೆದ ಹಾಗೆ. ಸಾಧ್ಯವಿರುವ ಗುರುತುಗಳು 53ರ ಮುಂದೆ 35 ಸೊನ್ನೆ ಇಟ್ಟಷ್ಟು. ಇಷ್ಟು ದೊಡ್ಡ ಕಣದಲ್ಲಿ ಇಬ್ಬರು ಒಂದೇ ಕಾಳನ್ನು ಎತ್ತಿಕೊಳ್ಳುವುದುಂಟೇ?

ಈ ಪ್ರಶ್ನೆಗೆ ನಮ್ಮ ಅಂದಾಜು ಸದಾ ತಪ್ಪುತ್ತದೆ, ಅದಕ್ಕೇ ನಿಧಾನವಾಗಿ ನೋಡಬೇಕು. ಒಂದು ತರಗತಿಯಲ್ಲಿ 23 ಮಕ್ಕಳಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ನೂರಕ್ಕೆ 50.7. ವರ್ಷದಲ್ಲಿ 365 ದಿನಗಳಿರುವಾಗ ಬರೀ 23 ಸಾಕೇ ಎಂದು ಅಚ್ಚರಿಯಾಗುತ್ತದೆ. ನಾವು ಮಕ್ಕಳನ್ನು ಎಣಿಸುತ್ತೇವೆ, ಎಣಿಸಬೇಕಾದದ್ದು ಜೋಡಿಗಳನ್ನು. 23 ಮಕ್ಕಳಲ್ಲಿ 253 ಜೋಡಿಗಳಿವೆ, ಪ್ರತಿ ಜೋಡಿಯೂ ಘರ್ಷಣೆಗೆ ಒಂದು ಅವಕಾಶ. ಈ ಲೆಕ್ಕದಲ್ಲಿ 32 ಬಿಟ್‌ಗಳ ಯಾದೃಚ್ಛಿಕ ಗುರುತು ತೀರಾ ದುರ್ಬಲ. ಅದರಲ್ಲಿ 429 ಕೋಟಿ ಸಾಧ್ಯತೆಗಳಿದ್ದರೂ 77 ಸಾವಿರ ಗುರುತು ತಯಾರಿಸುವಷ್ಟರಲ್ಲೇ ಘರ್ಷಣೆಯ ಸಂಭವ ಅರ್ಧಕ್ಕೆ ಬಂದಿರುತ್ತದೆ. ಹಬ್ಬದ ವಾರಕ್ಕೇ ಸಾಲದು. 122 ಬಿಟ್‌ಗಳಿಗೆ ಬಂದರೆ ಚಿತ್ರ ಬೇರೆಯೇ. ಅರ್ಧ ಸಂಭವ ಮುಟ್ಟಬೇಕಾದರೆ ಸೆಕೆಂಡಿಗೆ ನೂರು ಕೋಟಿಯಂತೆ ಸುಮಾರು 86 ವರ್ಷ ಎಡೆಬಿಡದೆ ಗುರುತು ತಯಾರಿಸುತ್ತಿರಬೇಕು. ಯಾರನ್ನೂ ಕೇಳದೆ, ಯಾರ ಜೊತೆಗೂ ಒಪ್ಪಂದ ಮಾಡಿಕೊಳ್ಳದೆ, ಜಗತ್ತಿನ ಯಾವ ಮೂಲೆಯ ಯಂತ್ರವೂ ತನ್ನದೇ ಆದ ಒಂದು ಸಂಖ್ಯೆಯನ್ನು ಪಡೆಯಬಹುದು ಎಂಬ ಈ ಫಲಿತಾಂಶ ನನಗೆ ಪ್ರತಿ ಸಲವೂ ಸೋಜಿಗ ಹುಟ್ಟಿಸುತ್ತದೆ.

ಈ ಲೆಕ್ಕವೆಲ್ಲ ನಿಲ್ಲುವುದು ಯಾದೃಚ್ಛಿಕತೆ ಅಸಲಿಯಾಗಿದ್ದರೆ ಮಾತ್ರ. ಕಂಪ್ಯೂಟರ್ ಹೇಳಿದ್ದನ್ನೇ ಮಾಡುವ ಯಂತ್ರ. ಅದಕ್ಕೆ ನಾಣ್ಯ ಚಿಮ್ಮಲು ಬರುವುದಿಲ್ಲ. ಲಿನಕ್ಸಿನಂಥ ವ್ಯವಸ್ಥೆಗಳು ಡಿಸ್ಕು, ನೆಟ್‌ವರ್ಕುಗಳಿಂದ ಸಂಕೇತ ಬರುವ ಕ್ಷಣಗಳ ಸೂಕ್ಷ್ಮ ಏರುಪೇರು, ಪ್ರೊಸೆಸರಿನೊಳಗಿನ ಉಷ್ಣದ ಕಂಪನ ಇವುಗಳಿಂದ ಅನಿಶ್ಚಿತತೆಯನ್ನು ಹನಿಹನಿಯಾಗಿ ಕೂಡಿಸಿಕೊಂಡು ಅದರಿಂದ ಬೇಕಾದಷ್ಟು ಬಿಟ್‌ಗಳನ್ನು ಹೊಸೆಯುತ್ತವೆ. ಆ ಮೂಲ ಬತ್ತಿದರೆ ಏನಾಗುತ್ತದೆಂದು 2008ರಲ್ಲಿ ಗೊತ್ತಾಯಿತು. ಡೆಬಿಯನ್ ಎಂಬ ಲಿನಕ್ಸ್ ಬಳಗದಲ್ಲಿ ಎರಡು ವರ್ಷ ಹಿಂದೆ, ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಕೋಡಿನಲ್ಲಿ ಅನುಮಾನಾಸ್ಪದವಾಗಿ ಕಂಡ ಭಾಗವನ್ನು ತಪಾಸಣಾ ಉಪಕರಣದ ಗೊಣಗಾಟ ತಪ್ಪಿಸಲೆಂದು ತೆಗೆದಿದ್ದರು. ಅನಿಶ್ಚಿತತೆ ಒಳಬರುತ್ತಿದ್ದದ್ದು ಅದರ ಮೂಲಕವೇ. ಉಳಿದದ್ದು ಪ್ರೋಗ್ರಾಮಿನ ಪ್ರಕ್ರಿಯಾ ಸಂಖ್ಯೆ ಮಾತ್ರ, ಅದು 32,768 ದಾಟುತ್ತಿರಲಿಲ್ಲ. ಲೂಸಿಯಾನೊ ಬೆಲ್ಲೊ ಎಂಬ ಡೆವಲಪರ್ ಪತ್ತೆ ಹಚ್ಚುವವರೆಗೆ ಜಗತ್ತಿನಾದ್ಯಂತ ಅಂಥ ಯಂತ್ರಗಳು ತಯಾರಿಸಿದ ಗೂಢ ಕೀಲಿಗಳು ಒಂದು ಚಿಕ್ಕ ಗುಂಪಿನಿಂದ ಬಂದವಾಗಿದ್ದವು, ಒಂದೊಂದನ್ನೂ ಪ್ರಯತ್ನಿಸಿ ನೋಡಲು ಮಧ್ಯಾಹ್ನವೊಂದು ಸಾಕಾಗುವಷ್ಟು. ಹೊರಗಿನಿಂದ ನೋಡಿದರೆ ಅವು ಅಸಲಿಯಷ್ಟೇ ಉದ್ದ, ಅಸಲಿಯಷ್ಟೇ ಗೋಜಲು.

ಜಾವಾಸ್ಕ್ರಿಪ್ಟಿನ ಮ್ಯಾತ್ ರ‍್ಯಾಂಡಮ್ ಫಂಕ್ಷನ್ನಿನದ್ದೂ ಇದೇ ಜಾತಿಯ ಕಥೆ. ಕ್ರೋಮ್ ಬ್ರೌಸರಿನಲ್ಲೂ ನೋಡ್ ಸರ್ವರುಗಳಲ್ಲೂ ಇರುವ ವಿ8 ಎಂಜಿನ್ ಅದಕ್ಕೆ ಬಳಸುತ್ತಿದ್ದ ವಿಧಾನ ತೀರಾ ದುರ್ಬಲವೆಂದು 2015ರಲ್ಲಿ ಚರ್ಚೆಯಾಗಿ, ಆ ವರ್ಷದ ಕೊನೆಗೆ ಅದನ್ನು ಬದಲಿಸಿದರು. ಬದಲಾದದ್ದೂ ಆಟಕ್ಕೆ, ಅನಿಮೇಷನ್ನಿಗೆ ಸಾಕು. ಗುರುತು ತಯಾರಿಕೆಗೆ ತಕ್ಕುದಲ್ಲ. ಲಾಗಿನ್ ಆದವರನ್ನು ಸರ್ವರ್ ನೆನಪಿಟ್ಟುಕೊಳ್ಳುವುದು ಕುಕಿಯಲ್ಲಿ ಕಳಿಸಿದ ಸೆಷನ್ ಗುರುತಿನಿಂದ. ಅದನ್ನು ಊಹಿಸಿದವರು ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಖಾತೆಯೊಳಗೆ ನಿಂತಿರುತ್ತಾರೆ. ಅದಕ್ಕೆ ಗೂಢಲಿಪಿಗೆ ಯೋಗ್ಯವಾದ ಯಾದೃಚ್ಛಿಕತೆಯೇ ಬೇಕು.

ಉದ್ದ ಕಡಿಮೆಯಾದಾಗ ಅದೃಷ್ಟವನ್ನು ಎಷ್ಟು ನಂಬಬಹುದು ಎನ್ನುವುದಕ್ಕೆ ನಮ್ಮೆಲ್ಲರ ಜೇಬಿನಲ್ಲೇ ಉದಾಹರಣೆಯಿದೆ. ಆಧಾರ್ ಸಂಖ್ಯೆಯ 12 ಅಂಕಿಗಳಲ್ಲಿ ಊರು, ಜಾತಿ, ವಯಸ್ಸು ಯಾವುದರ ಸುಳಿವೂ ಇಲ್ಲ. ಬೇಕೆಂದೇ ಯಾದೃಚ್ಛಿಕವಾಗಿ ಇಟ್ಟಿದ್ದಾರೆ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯ ಮೊದಲ ಮೂರಂಕಿ ರಾಜ್ಯವನ್ನು ಸೂಚಿಸುತ್ತಿದ್ದವು. ಹುಟ್ಟಿದ ದಿನ ಮತ್ತು ಸ್ಥಳ ಗೊತ್ತಿದ್ದರೆ ಅನೇಕರ ಸಂಖ್ಯೆಯನ್ನು ಊಹಿಸಬಹುದೆಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಲೆಸ್ಸಾಂಡ್ರೊ ಅಕ್ವಿಸ್ಟಿ ಮತ್ತು ರಾಲ್ಫ್ ಗ್ರಾಸ್ 2009ರಲ್ಲಿ ತೋರಿಸಿಕೊಟ್ಟರು. 2011ರಲ್ಲಿ ಅಲ್ಲಿಯೂ ಯಾದೃಚ್ಛಿಕ ಸಂಖ್ಯೆಗಳು ಬಂದವು. ಆಧಾರ್‌ನ ಮೊದಲ ಅಂಕಿ ಸೊನ್ನೆಯೋ ಒಂದೋ ಆಗಿರುವುದಿಲ್ಲ, ಕೊನೆಯ ಅಂಕಿ ತಾಳೆಗೆ ಮೀಸಲು. ಹಾಗಾಗಿ ಇರುವ ಸಾಧ್ಯತೆಗಳು 8,000 ಕೋಟಿ. ಅದರಲ್ಲಿ 130 ಕೋಟಿಗೂ ಹೆಚ್ಚು ಈಗಾಗಲೇ ಹಂಚಿಕೆಯಾಗಿರುವುದರಿಂದ, ಕಣ್ಣು ಮುಚ್ಚಿ ಒಂದನ್ನು ಎತ್ತಿದರೆ ಸುಮಾರು ಅರವತ್ತರಲ್ಲಿ ಒಂದು ಸಲ ಅದು ಇನ್ನೊಬ್ಬರದ್ದಾಗಿರುತ್ತದೆ. ಕೇಂದ್ರದ ದಾಖಲೆಯೊಂದಿಗೆ ತಾಳೆ ನೋಡದೆ ಇಲ್ಲಿ ಸಂಖ್ಯೆ ಕೊಡುವಂತೆಯೇ ಇಲ್ಲ. ಮನುಷ್ಯರು ಕೈಯಲ್ಲಿ ಬರೆಯಬೇಕಾದ ಸಂಖ್ಯೆ ಚಿಕ್ಕದಿರಬೇಕು, ಚಿಕ್ಕದಾದರೆ ಕೇಳಲೇಬೇಕು. ಆ ಕೊನೆಯ ತಾಳೆಯ ಅಂಕಿಯೂ ಮನುಷ್ಯರಿಗಾಗಿಯೇ ಇದೆ. ಡಚ್ ಗಣಿತಜ್ಞ ಯಾಕೋಬಸ್ ವೆರ‍್ಹೂಫ್ 1969ರಲ್ಲಿ ಪ್ರಕಟಿಸಿದ ಸೂತ್ರದಿಂದ ಅದನ್ನು ಲೆಕ್ಕ ಹಾಕುತ್ತಾರೆ. ಒಂದಂಕಿ ತಪ್ಪಾದರೂ, ಅಕ್ಕಪಕ್ಕದ ಎರಡು ಬೇರೆ ಅಂಕಿಗಳು ಅದಲುಬದಲಾದರೂ ಅದು ತಪ್ಪದೆ ಹಿಡಿಯುತ್ತದೆ.

ಅದೃಷ್ಟದ ಗುರುತಿನಿಂದ ಡೇಟಾಬೇಸಿಗೆ ಬೇರೊಂದು ಸಂಕಟ. ಅದು ಸಾಲುಗಳನ್ನು ಗುರುತಿನ ಕ್ರಮದಲ್ಲಿ ಜೋಡಿಸಿ ಪುಟಗಳಲ್ಲಿ ಇಡುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ಪುಟವೊಂದು 16 ಕಿಲೋಬೈಟ್. ಕ್ರಮಸಂಖ್ಯೆಯಾದರೆ ಹೊಸ ಸಾಲು ಯಾವಾಗಲೂ ಕೊನೆಯ ಪುಟಕ್ಕೆ ಹೋಗುತ್ತದೆ. ಯಾದೃಚ್ಛಿಕ ಗುರುತು ಎಲ್ಲೆಂದರಲ್ಲಿ ಬಂದು ಬೀಳುತ್ತದೆ: ತುಂಬಿದ ಪುಟ ಸೀಳಿ ಎರಡಾಗುತ್ತದೆ, ಪುಟಗಳು ಅರೆಬರೆ ಖಾಲಿ ಉಳಿಯುತ್ತವೆ, ಹಳೆಯ ಪುಟಗಳನ್ನು ಡಿಸ್ಕಿನಿಂದ ಮತ್ತೆ ಮತ್ತೆ ಎತ್ತಿ ತರಬೇಕಾಗುತ್ತದೆ. ಸಾಲುಗಳು ಕೋಟಿ ದಾಟಿದ ಮೇಲೆ ಈ ಓಡಾಟವೇ ಸರ್ವರನ್ನು ಏದುಸಿರು ಬಿಡಿಸುತ್ತದೆ. ಆದ್ದರಿಂದ ಸಮಯವನ್ನು ಮತ್ತೆ ಕರೆತಂದರು, ಈ ಸಲ ತಲೆಯ ಭಾಗದಲ್ಲಿ. 2010ರಲ್ಲಿ ಟ್ವಿಟರ್ ರೂಪಿಸಿದ ಸ್ನೋಫ್ಲೇಕ್ ಎಂಬ 64 ಬಿಟ್ ಗುರುತಿನಲ್ಲಿ 41 ಬಿಟ್ ಮಿಲಿಸೆಕೆಂಡುಗಳಿಗೆ, 10 ಬಿಟ್ ಯಂತ್ರದ ಸಂಖ್ಯೆಗೆ, 12 ಬಿಟ್ ಆ ಮಿಲಿಸೆಕೆಂಡಿನೊಳಗಿನ ಎಣಿಕೆಗೆ. ಒಂದು ಯಂತ್ರ ಮಿಲಿಸೆಕೆಂಡಿಗೆ 4096 ಗುರುತು ಕೊಡಬಲ್ಲದು, ಹೀಗೆ ಸುಮಾರು 69 ವರ್ಷ ನಡೆಯುತ್ತದೆ. ಯಂತ್ರಗಳಿಗೆ ಸಂಖ್ಯೆ ಹಂಚುವಾಗ ಮಾತ್ರ ಕೇಳಿದರೆ ಸಾಕು.

ಆದರೆ ಗಡಿಯಾರ ಹಿಂದಕ್ಕೂ ಹೋಗುತ್ತದೆ! ಸರ್ವರುಗಳು ತಮ್ಮ ಸಮಯವನ್ನು ಜಾಲದ ಮೂಲಕ ತಿದ್ದಿಕೊಳ್ಳುತ್ತಿರುತ್ತವೆ; ಮುಂದೆ ಓಡಿದ ಗಡಿಯಾರವನ್ನು ಹಿಂದಕ್ಕೆ ಎಳೆದರೆ ಕಳೆದ ಮಿಲಿಸೆಕೆಂಡುಗಳು ಇನ್ನೊಮ್ಮೆ ಬರುತ್ತವೆ, ಅದೇ ಗುರುತುಗಳೂ ಬರುತ್ತವೆ. ಸ್ನೋಫ್ಲೇಕ್ ಇದನ್ನು ಕಂಡರೆ ಗಡಿಯಾರ ಮತ್ತೆ ಮುಂದೆ ಬರುವ ತನಕ ಗುರುತು ಕೊಡಲು ನಿರಾಕರಿಸುತ್ತದೆ. ಸರಿಯಾದ ನಿರ್ಧಾರ. ಇನ್ನೊಂದು ತೊಡಕು ಯಾರೂ ನಿರೀಕ್ಷಿಸದ ಕಡೆಯಿಂದ ಬಂತು. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆ 53 ಬಿಟ್ ಮೀರಿದ ಪೂರ್ಣಾಂಕವನ್ನು ಕರಾರುವಾಕ್ಕಾಗಿ ಹಿಡಿದಿಡಲಾರದು. ಸರ್ವರ್ 9007199254740993 ಎಂದು ಕಳಿಸಿದರೆ ಬ್ರೌಸರ್ ಓದುವುದು 9007199254740992. ಕೊನೆಯ ಅಂಕಿಯಷ್ಟೇ ತಪ್ಪು, ಆದರೆ ಗುರುತಿನಲ್ಲಿ ಅದು ಬೇರೊಬ್ಬರ ಸಾಲು. ಟ್ವಿಟರ್ ಪ್ರತಿ ಗುರುತನ್ನೂ ಸಂಖ್ಯೆಯಾಗಿ ಒಮ್ಮೆ, ಅಕ್ಷರಸಾಲಾಗಿ ಇನ್ನೊಮ್ಮೆ ಕಳಿಸಬೇಕಾಯಿತು.

2024ರ ಮೇ ತಿಂಗಳಲ್ಲಿ ಮಾನದಂಡವಾದ ಯುಯುಐಡಿಯ ಏಳನೇ ಆವೃತ್ತಿ ಎರಡೂ ಕಡೆಯ ಗುಣಗಳನ್ನು ಕೂಡಿಸುತ್ತದೆ: ಮೊದಲ 48 ಬಿಟ್ ಮಿಲಿಸೆಕೆಂಡುಗಳು, ಆವೃತ್ತಿಯ ಗುರುತು ಬಿಟ್ಟು ಉಳಿದದ್ದೆಲ್ಲ ಯಾದೃಚ್ಛಿಕ. ಯಂತ್ರದ ಸಂಖ್ಯೆಯೂ ಬೇಡ, ಡೇಟಾಬೇಸಿನ ಪುಟಗಳೂ ಸೀಳುವುದಿಲ್ಲ. 2025ರಲ್ಲಿ ಬಂದ ಪೋಸ್ಟ್‌ಗ್ರೆಸ್‌ನ 18ನೇ ಆವೃತ್ತಿ ಇದನ್ನು ತಾನೇ ತಯಾರಿಸಿಕೊಡುತ್ತದೆ. ಹೊಸದಾಗಿ ಕಟ್ಟುವ ಅಪ್ಲಿಕೇಶನ್ನಿಗೆ ನಾನು ಆರಿಸುವುದು ಇದನ್ನೇ. ಹುಟ್ಟಿದ ಸಮಯ ಹೊರಗೆ ಕಾಣುವುದು ಎಲ್ಲಿ ಅಪಾಯವೋ, ಉದಾಹರಣೆಗೆ ರೋಗಿಯ ಪರೀಕ್ಷಾ ವರದಿಯ ಕೊಂಡಿಯಲ್ಲಿ, ಅಲ್ಲಿ ಮಾತ್ರ ನಾಲ್ಕನೇ ಆವೃತ್ತಿ.

ಯಾರನ್ನೂ ಕೇಳದೆ ಗುರುತು ಹುಟ್ಟಿಸಬಹುದು ಎಂದಾದ ಮೇಲೆ ಅದನ್ನು ಸರ್ವರೇ ಹುಟ್ಟಿಸಬೇಕೆಂದೂ ಇಲ್ಲ. ಟಿಕೆಟ್ಟಿಗೆ ಹಣ ಕಟ್ಟಲು ಗುಂಡಿ ಒತ್ತಿದ್ದೀರಿ, ಅಷ್ಟರಲ್ಲಿ ಸಿಗ್ನಲ್ ಹೋಯಿತು. ಕೋರಿಕೆ ಸರ್ವರಿಗೆ ತಲುಪಲಿಲ್ಲವೋ, ತಲುಪಿ ಹಣವೂ ಕಡಿತವಾಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತೋ, ಫೋನಿಗೆ ತಿಳಿಯುವ ದಾರಿಯೇ ಇಲ್ಲ. ಮತ್ತೆ ಕಳಿಸಿದರೆ ಎರಡು ಸಲ ಹಣ ಹೋಗಬಹುದು, ಕಳಿಸದಿದ್ದರೆ ಸೀಟು ಹೋಗಬಹುದು. ಒಳ್ಳೆಯ ಪಾವತಿ ಆ್ಯಪ್‌ಗಳು ಇದಕ್ಕಾಗಿ ಕೋರಿಕೆ ಕಳಿಸುವ ಮೊದಲೇ ಫೋನಿನಲ್ಲಿ ಒಂದು ಯಾದೃಚ್ಛಿಕ ಗುರುತು ತಯಾರಿಸುತ್ತವೆ. ಎಷ್ಟು ಸಲ ಕಳಿಸಿದರೂ ಅದೇ ಗುರುತು. ಸರ್ವರ್ ಅದನ್ನು ಪುನರಾವೃತ್ತಿಗೆ ಅವಕಾಶವಿಲ್ಲದ ಅಂಕಣದಲ್ಲಿ ಬರೆಯುತ್ತದೆ. ಎರಡನೇ ಕೋರಿಕೆ ಬಂದಾಗ ಡೇಟಾಬೇಸ್ ಹೊಸ ಸಾಲನ್ನು ತಿರಸ್ಕರಿಸುತ್ತದೆ. ಸರ್ವರ್ ಆಗ ಮೊದಲ ಸಲದ ಉತ್ತರವನ್ನೇ ಹುಡುಕಿ ಮರಳಿಸುತ್ತದೆ. ಎರಡು ಕೋರಿಕೆಗಳು ಏಕಕಾಲಕ್ಕೆ ಎರಡು ಬೇರೆ ಸರ್ವರುಗಳಿಗೆ ಬಂದರೂ ತೀರ್ಪು ಕೊಡುವುದು ಆ ಒಂದೇ ಅಂಕಣ. ಹುಟ್ಟುವಾಗ ಯಾರನ್ನೂ ಕೇಳದ ಸಂಖ್ಯೆ ಹಣದ ವಿಷಯ ಬಂದಾಗ ಒಂದು ಕಡೆ ಕೇಳಿಕೊಂಡೇ ಮುಂದೆ ಹೋಗುತ್ತದೆ.

ಇದನ್ನು ಬರೆಯುವಾಗ ಒಂದು ಹೆಜ್ಜೆಯನ್ನು ಮರೆಯುವಂತಿಲ್ಲ. ಗುರುತನ್ನು ಕಳಿಸುವ ಮುನ್ನ ಫೋನಿನ ಶಾಶ್ವತ ನೆನಪಿನಲ್ಲಿ ಉಳಿಸಿರಬೇಕು. ಸಿಗ್ನಲ್ ಹೋದಾಗ ಬೇಸತ್ತು ಆ್ಯಪನ್ನೇ ಮುಚ್ಚಿ ತೆರೆಯುವವರು ಬಹಳ ಮಂದಿ. ಉಳಿಸಿರದಿದ್ದರೆ ಆ್ಯಪ್ ಹೊಸ ಗುರುತು ತಯಾರಿಸುತ್ತದೆ, ಸರ್ವರ್ ಅದನ್ನು ಹೊಸ ಪಾವತಿಯೆಂದೇ ತಿಳಿಯುತ್ತದೆ.